ಕಡಲಕರೆಯ ಕಲಾವಿದನ ದಿನಚರಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಯಕ್ಷಗಾನದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ನಮಗೆ ಹೇಳಿ ಕಳುಹಿದಾಗ, ಕಲೆಯ ವಿಷಯವೋ ಕಲಾವಿದನ ವಿಷಯವೋ ಎಂದು ನಾವು ಮರಳಿ ಕೇಳಿದೆವು. ಎರಡೂ ಒಂದೇ ಅಲ್ಲವೆ ಎಂದು ಅವರು ನಕ್ಕರು. ಅಲ್ಲವೆಂಬುದೇ ನಮ್ಮ ಇಂದಿನ ಮೊದಲ ಮಾತು. ಕಲೆಯ ಹಿರಿಮೆಯನ್ನು ಕುರಿತು ಇಂತಹ ಚಪ್ಪರಗಳಲ್ಲಿ ಬೇಕಾದಷ್ಟು ಭಾಷಣಗಳಾಗಿವೆ. ಗಂಡುಕಲೆಯೆಂದೂ ಆರಾಧನಾಕಲೆಯೆಂದೂ ಸರ್ವಾಂಗಸುಂದರವೆಂದೂ ಅದನ್ನು ಕೊಂಡಾಡಿ ನಮ್ಮ ನಾಲಗೆ ಪಳಗಿದೆ. ಆದರೆ ಆ ಕಲೆಯನ್ನು ಹೊಟ್ಟೆಪಾಡಾಗಿ ಹಿಡಿದ ಮನುಷ್ಯನು ಎಷ್ಟು ಹೊತ್ತಿಗೆ ಮಲಗುತ್ತಾನೆ, ಯಾವ ಬಸ್ಸು ಹಿಡಿಯುತ್ತಾನೆ, ಮಳೆಗಾಲದಲ್ಲಿ ಅವನ ಮನೆಯ ಒಲೆ ಹೇಗೆ ಉರಿಯುತ್ತದೆ ಎಂಬುದನ್ನು ವಿಚಾರಿಸಿದವರು ವಿರಳ. ಆ ಸಣ್ಣ ಸಂಗತಿಗಳನ್ನೇ ಇಂದು ತಮ್ಮ ಮುಂದಿಡಲು ಮನಸ್ಸು ಮಾಡಿದ್ದೇವೆ. ಪಾಂಡಿತ್ಯದ ಮಾತನ್ನು ನಿರೀಕ್ಷಿಸಿ ಬಂದವರು ಮನ್ನಿಸಬೇಕು.

ನಮ್ಮ ಕಾಸರಗೋಡು, ಕುಂಬಳೆ, ಮಂಜೇಶ್ವರಗಳು ಕಡಲಿಗೆ ಮುಖ ಮಾಡಿ ನಿಂತ ಊರುಗಳು. ತೆಂಕುತಿಟ್ಟಿನ ರಾಮಾಯಣ ಪ್ರಸಂಗಗಳ ಕರ್ತೃವೆಂದು ಪರಂಪರೆ ಹೇಳುವ ಪಾರ್ತಿಸುಬ್ಬನು ಕುಂಬಳೆಯವನು, ಕಣಿಪುರದ ಗೋಪಾಲಕೃಷ್ಣನ ಭಕ್ತನು. ಆತನ ಕಾಲವನ್ನೂ ಕರ್ತೃತ್ವವನ್ನೂ ಕುರಿತು ಮುಳಿಯ ತಿಮ್ಮಪ್ಪಯ್ಯನವರು, ಶಿವರಾಮ ಕಾರಂತರು, ಕುಕ್ಕಿಲ ಕೃಷ್ಣ ಭಟ್ಟರು ಮೊದಲಾದ ಘನ ವಿದ್ವಾಂಸರು ಬಹುಕಾಲ ವಾದಿಸಿದರು. ಆ ವಾದಕ್ಕೆ ನಾವಿಲ್ಲಿ ಕೈಹಾಕುವುದಿಲ್ಲ. ಕರ್ನಾಟಕ ಯಕ್ಷಗಾನ ಅಕಾಡೆಮಿಯವರು ಪಾರ್ತಿಸುಬ್ಬನ ಹೆಸರಿನಲ್ಲಿಯೇ ತಮ್ಮ ದೊಡ್ಡ ಪ್ರಶಸ್ತಿಯನ್ನು ಕೊಡುತ್ತಾರೆಂಬುದನ್ನು ನೆನೆದರೆ ಸಾಕು. 1956ರ ನವೆಂಬರ್ 1ರಂದು ನಕ್ಷೆಯ ಗೆರೆ ಚಂದ್ರಗಿರಿ ಹೊಳೆಯನ್ನು ದಾಟಿ ಉತ್ತರಕ್ಕೆ ಸರಿದು ತಲಪಾಡಿಯಲ್ಲಿ ನಿಂತಿತು. ಪಾರ್ತಿಸುಬ್ಬನ ಊರು ಕೇರಳಕ್ಕೆ ಸೇರಿತು, ಆತನ ಪದಗಳನ್ನು ಹಾಡುವ ಮೇಳಗಳಲ್ಲಿ ಹೆಚ್ಚಿನವು ಗೆರೆಯ ಆಚೆಗೆ ಉಳಿದವು. ಅಂದಿನಿಂದ ನಮ್ಮೂರಿನ ವೃತ್ತಿಕಲಾವಿದನು ಗಡಿಯ ಆಚೆ ದುಡಿದು ಗಡಿಯ ಈಚೆ ಮಲಗುವವನಾಗಿದ್ದಾನೆ.

ಅವನ ದಿನವು ಉಳಿದವರ ದಿನದಂತೆ ಮೂಡಣದಲ್ಲಿ ಆರಂಭವಾಗುವುದಿಲ್ಲ. ರಾತ್ರಿಯಿಡೀ ಆಟ ಮುಗಿಸಿ, ಮಂಗಳಪದ ಹಾಡಿದ ಮೇಲೆ ವೇಷ ಕಳಚಿ, ತೆಂಗಿನೆಣ್ಣೆಯಿಂದ ಮುಖದ ಬಣ್ಣವನ್ನು ಒರಸಿ, ಮೊದಲ ಬಸ್ಸು ಹಿಡಿದು ಅವನು ಊರಿಗೆ ಮರಳುವ ಹೊತ್ತಿಗೆ ಕಡಲಕರೆಯಲ್ಲಿ ಬೆಳಕು ಹರಿದಿರುತ್ತದೆ. ಪೇಟೆಯ ಹಾದಿಯಲ್ಲಿ ಅವನಿಗೆ ಎದುರಾಗುವವರು ಮೀನುಗಾರರು. ಒಬ್ಬನು ರಾತ್ರಿಯ ದುಡಿಮೆ ಮುಗಿಸಿ ಬರುವವನು, ಇನ್ನೊಬ್ಬನು ಹಗಲಿನ ದುಡಿಮೆಗೆ ಬುಟ್ಟಿ ಹೊತ್ತು ಹೊರಟವನು. “ನಿನ್ನೆ ಎಲ್ಲಿ ಆಟ?” ಎಂದು ಇವನು ಕೇಳುತ್ತಾನೆ, “ಮೀನು ಉಂಟಾ?” ಎಂದು ಅವನು ಕೇಳುತ್ತಾನೆ. ಇಬ್ಬರ ಕಣ್ಣುಗಳೂ ಕೆಂಪೇ. ಇಬ್ಬರ ಬದುಕೂ ಗಾಳಿಮಳೆಯ ಕೃಪೆಯಲ್ಲಿರುವುದು. ಇಬ್ಬರಿಗೂ ವರುಷದಲ್ಲಿ ಕೆಲವು ತಿಂಗಳು ಮಾತ್ರ ಕೈತುಂಬ ಕೆಲಸ. ಕಡಲೂರಿನವರಾದ ನಮಗೆ ಈ ಸಾಮ್ಯ ತಾನಾಗಿ ತಿಳಿಯಬೇಕಾದುದು. ಆದರೆ ಮೀನುಗಾರನು ದುಡಿಯುತ್ತಾನೆನ್ನುವ ನಮ್ಮ ಬಾಯಿ, ಕಲಾವಿದನು ಕುಣಿಯುತ್ತಾನೆನ್ನುತ್ತದೆ.

ಅವನು ಮನೆ ಸೇರಿ, ಬಿಸಿನೀರಿನಲ್ಲಿ ಮಿಂದು, ಒಂದು ಬಟ್ಟಲು ಗಂಜಿ ಕುಡಿದು ಚಾಪೆಯ ಮೇಲೆ ಬೀಳುವ ಹೊತ್ತಿಗೆ ಅವನ ಮಕ್ಕಳು ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಡುವರು. ತಂದೆ ಮನೆಯಲ್ಲಿದ್ದರೂ ಮಕ್ಕಳ ಪಾಲಿಗೆ ಮಲಗಿರುವ ತಂದೆ. ನಮ್ಮ ತರಗತಿಯಲ್ಲೊಬ್ಬ ಹುಡುಗನಿದ್ದ. ‘ನಮ್ಮ ಮನೆ’ ಎಂಬ ಪ್ರಬಂಧದಲ್ಲಿ ಅವನು, ಹಗಲು ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುವುದಿಲ್ಲವೆಂದು ಬರೆದಿದ್ದ. ಯಾರಿಗಾದರೂ ಕಾಯಿಲೆಯೇ ಎಂದು ಕೇಳಿದರೆ, “ಇಲ್ಲ ಸರ್, ಅಪ್ಪ ಮೇಳದಲ್ಲಿದ್ದಾರೆ” ಎಂದ. ಆ ಮನೆಯ ಗೃಹಿಣಿ ಬಿಳಿಯ ಬಟ್ಟೆಗಳನ್ನು ಒಗೆದು ಒಣಗಿಸಿ ಮಡಚಿಡಬೇಕು, ಅಂಗಡಿಯವನ ಲೆಕ್ಕ, ಶಾಲೆಯ ಸಭೆ, ಅತ್ತೆಯ ಔಷಧಿ ಎಲ್ಲವನ್ನೂ ತಾನೊಬ್ಬಳೇ ನೋಡಬೇಕು, ನೆಂಟರ ಮದುವೆಗೆ ಒಬ್ಬಳೇ ಹೋಗಿ “ಅವರಿಗೆ ಆಟ ಉಂಟು” ಎಂದು ಹತ್ತು ಜನಕ್ಕೆ ಹೇಳಬೇಕು. ಮೇಳದವನಿಗೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡುವವರು ಇಂದಿಗೂ ಇದ್ದಾರೆ. ಅವರನ್ನು ದೂರಿ ಫಲವಿಲ್ಲ, ಅವರು ಲೆಕ್ಕ ಬಲ್ಲವರು.

ಮಧ್ಯಾಹ್ನ ಎದ್ದು ಉಂಡ ಮೇಲೆ ಅವನಿಗೆ ಒಂದೆರಡು ಗಂಟೆಗಳ ಬಿಡುವು. ಒಳ್ಳೆಯ ಕಲಾವಿದನಿಗೆ ಅದು ಓದಿನ ಹೊತ್ತು. ಇಂದಿನ ರಾತ್ರಿ ಕರ್ಣಪರ್ವವಾದರೆ ಕುಮಾರವ್ಯಾಸನನ್ನು ತೆರೆಯುತ್ತಾನೆ, ಸುಧನ್ವಮೋಕ್ಷವಾದರೆ ಲಕ್ಷ್ಮೀಶನ ಜೈಮಿನಿಯನ್ನು, ಇಂದ್ರಜಿತು ಕಾಳಗವಾದರೆ ತೊರವೆ ರಾಮಾಯಣವನ್ನು. ಏಳನೆಯ ಎಂಟನೆಯ ತರಗತಿಗೆ ಶಾಲೆ ಬಿಟ್ಟವರು ಷಟ್ಪದಿಗಳನ್ನು ಮಡಿಲಲ್ಲಿಟ್ಟುಕೊಂಡು ಅರ್ಥ ಬಿಡಿಸುತ್ತ ಕುಳಿತಿರುವುದನ್ನು ನಾವು ಕಂಡಿದ್ದೇವೆ. ವಿದ್ವಾನ್ ಪರೀಕ್ಷೆಗಾಗಿ ಅದೇ ಕಾವ್ಯಗಳನ್ನು ಓದಿದವರು ನಾವು. ನಮ್ಮದು ಪರೀಕ್ಷೆ ಮುಗಿದೊಡನೆ ಮುಗಿದ ಓದು, ಅವರದು ಪ್ರತಿ ರಾತ್ರಿಯೂ ಪರೀಕ್ಷೆ.

ಮೂರು ನಾಲ್ಕು ಗಂಟೆಗೆ ಮತ್ತೆ ಬಸ್ಸು. ಮಂಗಳೂರಿಗೆ ಐವತ್ತು ಕಿಲೋಮೀಟರು, ಆಟ ಅದರಿಂದಲೂ ಆಚೆ ಯಾವುದೋ ಹಳ್ಳಿಯಲ್ಲಿ. ಹಿಂದಿನವರು ಇಂದಿನ ಆಟದ ಊರಿನಿಂದ ನಾಳಿನ ಆಟದ ಊರಿಗೆ ನಡೆದೇ ಹೋಗುತ್ತಿದ್ದರು. ವೇಷಭೂಷಣಗಳ ಪೆಟ್ಟಿಗೆಗಳು ಆಳುಗಳ ತಲೆಯ ಮೇಲೆ ಸಾಗುತ್ತಿದ್ದವು, ಹಗಲಿನ ನಿದ್ದೆ ಯಾರದೋ ಮನೆಯ ಚಾವಡಿಯಲ್ಲಿ ಆಗುತ್ತಿತ್ತು. ಈಗ ಮೇಳಕ್ಕೆ ಲಾರಿಯುಂಟು, ಕಲಾವಿದರಲ್ಲಿ ಅನೇಕರಿಗೆ ಸ್ವಂತ ದ್ವಿಚಕ್ರವೂ ಉಂಟು. ನಿದ್ದೆಗಣ್ಣಿನಲ್ಲಿ ಹೆದ್ದಾರಿಯಲ್ಲಿ ಅದನ್ನು ಓಡಿಸಿಕೊಂಡು ಬರುವಾಗಿನ ಅಪಾಯವೂ ಉಂಟು.

ಇನ್ನು ಚೌಕಿಯ ಮಾತು. ಚೌಕಿಯೆಂದರೆ ವೇಷ ಕಟ್ಟುವ ಸ್ಥಳ. ಅಲ್ಲಿ ಗಣಪತಿಯ ಪೂಜೆ ನಡೆಯುತ್ತದೆ. ಯಾರು ಎಲ್ಲಿ ಕುಳಿತು ಬಣ್ಣ ಹಚ್ಚಬೇಕೆಂಬುದಕ್ಕೂ ಕಟ್ಟಳೆಯುಂಟು. ಹೊಸಬನು ಹಿರಿಯನ ಜಾಗದಲ್ಲಿ ಕುಳಿತುಕೊಳ್ಳುವಂತಿಲ್ಲ. ಒಬ್ಬೊಬ್ಬನ ಮುಂದೆಯೂ ಒಂದು ಕನ್ನಡಿ, ಒಂದು ದೀಪ, ಬಣ್ಣದ ಚಿಪ್ಪುಗಳು. ಬಿಳಿಯ ಸಫೇತ, ಹಳದಿಯ ಅರದಳ, ಕೆಂಪಿನ ಇಂಗಳೀಕ, ಕಪ್ಪಿನ ಕಾಡಿಗೆ ಇವೇ ಅವರ ಮೂಲಧನ. ಅಂಗೈಯಲ್ಲಿ ಎಣ್ಣೆಯೊಡನೆ ಬಣ್ಣವನ್ನು ಅರೆದು ಮೊಗಕ್ಕೆ ಹಚ್ಚಿ, ಕಡ್ಡಿಯ ತುದಿಯಿಂದ ನಾಮವನ್ನೂ ಹುಬ್ಬನ್ನೂ ತಾವೇ ತೀಡಬೇಕು. ನಾಟಕದವರಂತೆ ಮೊಗ ಬರೆಯಲು ಅವರಿಗೆ ಬೇರೊಬ್ಬನಿಲ್ಲ.

ಬಣ್ಣದ ವೇಷದವನ ಕಷ್ಟ ಎಲ್ಲರಿಗಿಂತ ಹೆಚ್ಚಿನದು. ರಾವಣನೋ ಮಹಿಷಾಸುರನೋ ಆಗಬೇಕಾದವನು ಅಕ್ಕಿಹಿಟ್ಟು ಸುಣ್ಣಗಳನ್ನು ಹದವಾಗಿ ಕಲಸಿ, ಮೊಗದ ಮೇಲೆ ಸಾಲುಸಾಲಾಗಿ ಮುಳ್ಳುಗಳಂತೆ ಚುಟ್ಟಿ ಇಡಬೇಕು. ಒಂದು ಸಾಲು ಒಣಗುವ ಮೊದಲು ಮತ್ತೊಂದು ಸಾಲನ್ನು ಇಡುವಂತಿಲ್ಲ. ನಮ್ಮ ಕಡಲಕರೆಯ ಎಪ್ರಿಲ್ ತಿಂಗಳ ಸೆಕೆಯನ್ನು ತಾವು ಬಲ್ಲಿರಿ. ಬೆವರು ಒಳಗಿನಿಂದ ಜಿನುಗುತ್ತಿರುವಾಗ ಹೊರಗಿನ ಹಿಟ್ಟು ಒಣಗುವುದಾದರೂ ಹೇಗೆ? ಮೂರು ನಾಲ್ಕು ಗಂಟೆಗಳ ಕಾಲ ಅವನು ನಗುವಂತಿಲ್ಲ, ಮಾತನಾಡುವಂತಿಲ್ಲ, ನೊಣ ಕುಳಿತರೂ ಮೋರೆ ಕಿವುಚುವಂತಿಲ್ಲ. ಬಣ್ಣದ ಮಾಲಿಂಗ, ಚಂದ್ರಗಿರಿ ಅಂಬು ಮೊದಲಾದ ಹಿರಿಯರು ತೆರೆಯ ಹಿಂದಿನಿಂದ ದೊಂದಿಯ ಬೆಳಕಿನಲ್ಲಿ ರಾಳದ ಹುಡಿ ಭಗ್ಗೆಂದು ಉರಿಯುವಾಗ ಮೊಗ ತೋರಿದರೆ, ಮಕ್ಕಳು ಅಮ್ಮನ ಸೆರಗಿನಲ್ಲಿ ಅಡಗುತ್ತಿದ್ದರಂತೆ. ಆ ಒಂದು ಕ್ಷಣದ ಭಯಕ್ಕೆ ನಾಲ್ಕು ಗಂಟೆಗಳ ಮೌನವೇ ಬೆಲೆ. ರಂಗದ ಮೇಲೆ ಅರ್ಧ ಗಂಟೆ ಅಬ್ಬರಿಸುವವನು ಎಷ್ಟು ಹೊತ್ತು ಅಲುಗದೆ ಕುಳಿತಿದ್ದನೆಂಬುದು ಸಭೆಗೆ ತಿಳಿಯದು.

ಕಡಲ ಗಾಳಿಯ ಉಪದ್ರವವೂ ಸಾಮಾನ್ಯವಲ್ಲ. ಹಗುರ ಮರದಲ್ಲಿ ಕಡೆದು ಬೇಗಡೆ ಅಂಟಿಸಿದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳ ಹೊಳಪು ಉಪ್ಪುಗಾಳಿಗೆ ಬೇಗ ಮಸುಕಾಗುತ್ತದೆ, ಬಟ್ಟೆಗಳಿಗೆ ತಂಪಿನಿಂದ ಕಪ್ಪು ಹಿಡಿಯುತ್ತದೆ. ಚೆಂಡೆಯ ಚರ್ಮ ಸಡಿಲವಾದರೆ ಹಗ್ಗ ಬಿಗಿದು ಬಿಗಿದು ಚೆಂಡೆಯವನ ಬೆರಳುಗಳು ಗಟ್ಟಿಯಾಗುತ್ತವೆ. ಕಿರೀಟ ಕಟ್ಟಿದ ತಲೆ ನೋಯದಿರುವ ದಿನವಿಲ್ಲವೆಂದು ರಾಜವೇಷದವರು ಹೇಳುತ್ತಾರೆ. ಧೀಂಗಿಣ ಹೊಡೆಯುವ ಪುಂಡುವೇಷದವನ ಮೊಣಕಾಲು ನಾಲ್ವತ್ತು ವರುಷಕ್ಕೆ ಮುದುಕನ ಮೊಣಕಾಲಾಗುತ್ತದೆ. ಮರುದಿನದ ಪತ್ರಿಕೆಯಲ್ಲಿ ಅವನ ಗಿರಕಿಗಳ ಲೆಕ್ಕ ಬರುತ್ತದೆ, ಮೊಣಕಾಲಿನ ಲೆಕ್ಕ ಬರುವುದಿಲ್ಲ.

ಇಷ್ಟೆಲ್ಲ ಹೇಳಿದುದು ಅನುಕಂಪಕ್ಕಾಗಿ ಅಲ್ಲ. ಈ ದುಡಿಮೆಯ ಫಲವಾಗಿ ನಮ್ಮ ಊರಿಗೆ ಒದಗಿದ ಒಂದು ಸಂಪತ್ತಿನ ವಿಚಾರವನ್ನು ಹೇಳುವುದಕ್ಕಾಗಿ. ಆ ಸಂಪತ್ತು ಕನ್ನಡದ ಮಾತು.

ಕಾಸರಗೋಡನ್ನು ಸಪ್ತಭಾಷಾ ಸಂಗಮವೆಂದು ನಾವು ಹೆಮ್ಮೆಯಿಂದ ಕರೆದುಕೊಳ್ಳುತ್ತೇವೆ. ಈ ಸಭೆಯಲ್ಲಿ ಕುಳಿತವರಲ್ಲಿ ಮನೆಯೊಳಗೆ ತುಳುವಾಡುವವರಿದ್ದೀರಿ, ಮಲಯಾಳವಾಡುವವರಿದ್ದೀರಿ, ಹವ್ಯಕ, ಕೊಂಕಣಿ, ಮರಾಠಿ ಆಡುವವರಿದ್ದೀರಿ. ಪುಸ್ತಕದಲ್ಲಿರುವಂತಹ ಕನ್ನಡವನ್ನು ಅಡುಗೆಮನೆಯಲ್ಲಿ ಆಡುವವರು ನಮ್ಮಲ್ಲಿ ಎಷ್ಟು ಮಂದಿ? ಹಾಗಿದ್ದೂ ನಮ್ಮ ಅಜ್ಜಿಯಂದಿರು, ಅಕ್ಷರದ ಮೊಗ ಕಾಣದವರು, “ವಿಧಿಯನ್ನು ಮೀರುವುದುಂಟೆ” ಎಂದು ನಿಟ್ಟುಸಿರಿಡುತ್ತಿದ್ದರು, ತುಂಟ ಮೊಮ್ಮಗನನ್ನು “ಎಲವೋ ದುರುಳ” ಎಂದು ಗದರುತ್ತಿದ್ದರು. ಅವರು ಯಾವ ಶಾಲೆಯಲ್ಲಿ ಕಲಿತರು? ಗದ್ದೆಯ ಕೊಯ್ಲಾದ ಮೇಲೆ ಅಲ್ಲಿಯೇ ಚಾಪೆ ಹಾಸಿ ಕುಳಿತು, ಬೆಳಗಿನ ತನಕ ಕೇಳಿ ಕಲಿತರು. ಕನ್ನಡ ಶಾಲೆಗಳಿಗೂ ಮೊದಲು ಕನ್ನಡವನ್ನು ಈ ಮನೆಗಳ ಒಳಗೆ ಹೊತ್ತು ತಂದವನು ವೇಷಧಾರಿ.

ಅವನು ಆಡುವ ಮಾತು ಬರೆದಿಟ್ಟ ಮಾತಲ್ಲ. ಇದನ್ನು ನಮ್ಮ ಎಳೆಯರು ಚೆನ್ನಾಗಿ ತಿಳಿಯಬೇಕು. ಪ್ರಸಂಗದ ಪುಸ್ತಕದಲ್ಲಿರುವುದು ಭಾಗವತರು ಹಾಡುವ ಪದ್ಯ ಮಾತ್ರ. ಪದ್ಯ ಮುಗಿದೊಡನೆ ವೇಷಧಾರಿಯು ಅದರ ಅರ್ಥವನ್ನು ಅಲ್ಲಿಯೇ, ಆ ಕ್ಷಣದಲ್ಲಿಯೇ, ತನ್ನ ಮಾತಿನಲ್ಲಿ ಕಟ್ಟಬೇಕು. ಎದುರಿನವನು ಏನು ಕೇಳುವನೆಂಬುದು ಮುಂಚಿತವಾಗಿ ತಿಳಿದಿರುವುದಿಲ್ಲ. ವಾಲಿಯಾದವನು ರಾಮನನ್ನು ಮರೆಯಲ್ಲಿ ನಿಂತು ಬಾಣ ಬಿಟ್ಟುದೇಕೆಂದು ಹೊಸದೊಂದು ಬಗೆಯಲ್ಲಿ ಹಿಡಿದು ಕೇಳಿದರೆ, ರಾಮನಾದವನು ಹೊಸದೊಂದು ಬಗೆಯಲ್ಲಿಯೇ ಉತ್ತರಿಸಬೇಕು. ಆ ಮಾತಿನಲ್ಲಿ ಇಂಗ್ಲಿಷಿನ ಒಂದು ಶಬ್ದ ನುಸುಳಿದರೂ ಸಭೆ ನಗುತ್ತದೆ. ನಮ್ಮ ಭಾಷಣಗಳಲ್ಲಿ, ಆಡಳಿತದ ಪತ್ರಗಳಲ್ಲಿ, ಕೊನೆಗೆ ಕನ್ನಡ ಸಂಘಗಳ ಸಭೆಗಳಲ್ಲಿಯೂ ಪಾಲಿಸಲಾಗದ ಈ ವ್ರತವನ್ನು ಕಡಿಮೆ ಓದಿದ ಕಲಾವಿದನು ಗಂಟೆಗಟ್ಟಲೆ ಪಾಲಿಸುತ್ತಾನೆ.

ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ನಮ್ಮ ನೆಲದವರು. ಅವರ ರಾವಣ, ವಾಲಿ, ಮಾಗಧರ ವಾದವನ್ನು ಕೇಳಿದವರು, ಪುರಾಣದ ಖಳನಿಗೂ ಒಂದು ನ್ಯಾಯವಿರಬಹುದಲ್ಲವೆ ಎಂದು ಮನೆಗೆ ಹೋಗುವ ದಾರಿಯಲ್ಲಿ ಚರ್ಚಿಸುತ್ತಿದ್ದರು. ಬಪ್ಪನಾಡು ಕ್ಷೇತ್ರಮಹಾತ್ಮೆಯಲ್ಲಿ ಮುಸಲ್ಮಾನ ವರ್ತಕನಾದ ಬಪ್ಪಬ್ಯಾರಿಯ ಪಾತ್ರಕ್ಕೆ ಗೌರವದ ಸ್ಥಾನವನ್ನು ತಂದುಕೊಟ್ಟವರೂ ಅವರೇ. ಕುಂಬಳೆ ಸುಂದರ ರಾಯರು (1934–2022) ಪ್ರಾಸಬದ್ಧವಾದ ಮಾತಿಗೆ ಹೆಸರಾದವರು, ಮುಂದೆ ಕರ್ನಾಟಕದ ವಿಧಾನಸಭೆಯ ಸದಸ್ಯರೂ ಆದರು. ಸ್ತ್ರೀವೇಷಕ್ಕೆ ಹೆಸರಾದ ಕೋಳ್ಯೂರು ರಾಮಚಂದ್ರ ರಾಯರ ದಮಯಂತಿ ಚಂದ್ರಮತಿಯರ ಕನ್ನಡದಲ್ಲಿ ಒಂದು ಗಡಸು ಅಕ್ಷರವಿರಲಿಲ್ಲ. ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು (1947–2024) ಗಂಡಸರ ಮೇಳಗಳಲ್ಲಿ ಭಾಗವತಿಕೆಗೆ ಕುಳಿತು ತಿರುಗಾಟ ನಡೆಸಿದರು. ಹೆಂಗಸಿಗೆ ಚೌಕಿಯಲ್ಲಿ ಸ್ಥಳವೆಲ್ಲಿ ಎಂಬ ಪ್ರಶ್ನೆಗೆ ಅವರು ಹಾಡಿಯೇ ಉತ್ತರಿಸಿದರು. ಗಡಿನಾಡಿನ ಸಣ್ಣ ಹಳ್ಳಿಗಳಿಂದ ಇಂತಹ ಮಾತುಗಾರರೂ ಹಾಡುಗಾರರೂ ಹೊರಟುದು ಹೇಗೆ? ದೈವದತ್ತವಾದ ಪ್ರತಿಭೆಯಿಂದ ಎಂದು ಸುಲಭವಾಗಿ ಹೇಳಿಬಿಡಬಹುದು. ನಮಗೆ ಹಾಗೆನಿಸುವುದಿಲ್ಲ. ವರುಷದಲ್ಲಿ ನೂರೈವತ್ತು ನೂರೆಂಬತ್ತು ರಾತ್ರಿ ಎದುರಾಳಿಯೊಡನೆ ಮಾತಿಗೆ ಮಾತು ಕೊಟ್ಟವನ ನಾಲಗೆ ಅದು. ವಾರ್ಷಿಕೋತ್ಸವಕ್ಕೆಂದು ಒಂದು ತಿಂಗಳು ಅಭ್ಯಾಸ ಮಾಡಿ ಒಂದು ರಾತ್ರಿ ವೇಷ ಕಟ್ಟುವ ಹವ್ಯಾಸಿಯು ಚೆನ್ನಾಗಿ ಕುಣಿಯಬಲ್ಲ, ಕಲಿತ ಮಾತನ್ನು ಚೆನ್ನಾಗಿ ಒಪ್ಪಿಸಬಲ್ಲ. ಕೇಳದ ಪ್ರಶ್ನೆಗೆ ಉತ್ತರಿಸಲಾರ. ಹವ್ಯಾಸಿಗಳ ವಿಷಯದಲ್ಲಿ ನಮಗೆ ಆದರವಿದೆ, ನಮ್ಮ ಶಾಲೆಯಲ್ಲಿಯೂ ಮಕ್ಕಳ ತಂಡವಿದೆ. ಆದರೆ ವೃತ್ತಿಕಲಾವಿದನು ಇಲ್ಲವಾದ ದಿನ ಹವ್ಯಾಸಿಯು ಯಾರನ್ನು ನೋಡಿ ಕಲಿಯಬೇಕು?

ಇಲ್ಲಿಗೆ ಮಳೆಗಾಲದ ವಿಚಾರ ಬಂದಿತು. ದೀಪಾವಳಿಯ ಬಳಿಕ ಹೊರಟ ಮೇಳಗಳು ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ 24ರ ಹೊತ್ತಿಗೆ ಬರುವ ಪತ್ತನಾಜೆಯಂದು, ಗೆಜ್ಜೆ ಬಿಚ್ಚುತ್ತವೆ. ಅಲ್ಲಿಗೆ ಸಂಬಳವೂ ಬಿಚ್ಚಿದಂತೆಯೆ. ಮುಂದಿನ ತಿರುಗಾಟಕ್ಕೆ ಯಜಮಾನರಿಂದ ಮುಂಗಡ ಪಡೆದವನು ಅದನ್ನು ಜೂನ್ ತಿಂಗಳಲ್ಲಿಯೇ ಶಾಲೆಯ ಪುಸ್ತಕಕ್ಕೂ ಸೋರುವ ಮಾಡಿಗೂ ವ್ಯಯಿಸಿರುತ್ತಾನೆ. ಆ ಐದಾರು ತಿಂಗಳು ಒಬ್ಬನು ಅಡಕೆ ತೋಟದ ಕೂಲಿಗೆ ಹೋಗುತ್ತಾನೆ, ಒಬ್ಬನು ಮದುವೆಯ ಅಡುಗೆಗೆ, ಒಬ್ಬನು ಹೊಲಿಗೆಯಂತ್ರದ ಮುಂದೆ ಕುಳಿತುಕೊಳ್ಳುತ್ತಾನೆ. ಕೆಲವರು ಮೂರು ನಾಲ್ಕು ಮಂದಿ ಕೂಡಿ ಚಿಕ್ಕಮೇಳ ಕಟ್ಟಿ, ಸಂಜೆ ಮನೆಮನೆಗೆ ಹೋಗಿ ದೀಪದ ಮುಂದೆ ಒಂದು ತುಣುಕು ಕಥೆ ಆಡಿ ತೋರಿಸುತ್ತಾರೆ. ನಿನ್ನೆ ದೇವೇಂದ್ರನಾಗಿದ್ದವನು ಇಂದು ಕೊಡೆ ಹಿಡಿದು ಅಂಗಳದಲ್ಲಿ ನಿಂತು, ಒಳಗೆ ಬರಬಹುದೇ ಎಂದು ಕೇಳುತ್ತಾನೆ.

ಕೆಲವು ವರುಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ನಮ್ಮಲ್ಲಿಗೆ ಬಂದರು. ಕಡಲಕರೆಯ ಕೇರಿಯವರು, ಮನೆಮಾತು ಮಲಯಾಳ. ಹುಡುಗನು ಹತ್ತನೆಯ ತರಗತಿಯ ವರೆಗೆ ಕನ್ನಡದಲ್ಲಿ ಓದಿ, ಊರಿನ ಗುರುಗಳಲ್ಲಿ ಹೆಜ್ಜೆ ಕಲಿತು, ಮೇಳಕ್ಕೆ ಸೇರುತ್ತೇನೆಂದು ಹಟ ಹಿಡಿದಿದ್ದನು. ಅವನ ಸೋದರಮಾವ ದುಬಾಯಿಯಲ್ಲಿ ಅಂಗಡಿಯ ಕೆಲಸವನ್ನು ನೋಡಿಟ್ಟಿದ್ದರು. ನಾವು ಕಲೆಯ ಮಹತ್ವವನ್ನು ಹೇಳತೊಡಗಿದೆವು. ಆ ತಾಯಿ ಪೂರ್ತಿ ಕೇಳಿ, “ಅದೆಲ್ಲ ಸರಿ ಮಾಸ್ಟ್ರೇ. ಇವ ಮೇಳಕ್ಕೆ ಹೋದರೆ ಮಳೆಗಾಲ ಎಂತ ತಿನ್ನುವುದು?” ಎಂದು ಕೇಳಿದರು.

ಕಲೆಯ ವಿಷಯವಾಗಿ ಇದಕ್ಕಿಂತ ಪ್ರಾಮಾಣಿಕವಾದ ಪ್ರಶ್ನೆಯನ್ನು ನಾವು ಯಾವ ವಿಚಾರಗೋಷ್ಠಿಯಲ್ಲಿಯೂ ಕೇಳಲಿಲ್ಲ. ಅಂದು ಅವರಿಗೆ ನಾವು ಹೇಳಿದುದಿಷ್ಟೆ: ಮೊದಲ ವರುಷಗಳಲ್ಲಿ ಇವನಿಗೆ ಪೂರ್ವರಂಗದ ಕೋಡಂಗಿ, ಬಾಲಗೋಪಾಲರ ವೇಷ, ಸಂಬಳ ಅಲ್ಪ, ಹೆಸರು ಬರಲು ಹತ್ತು ವರುಷ ಬೇಕು, ಬರುತ್ತದೆಂಬ ಭರವಸೆ ಯಾರೂ ಕೊಡಲಾರರು, ಆದುದರಿಂದ ಕೈಯಲ್ಲಿ ಮತ್ತೊಂದು ಕಸುಬು ಇರಲಿ. ಹುಡುಗನು ಹೊಲಿಗೆ ಕಲಿತನು. ಈಗ ಆರು ತಿಂಗಳು ಮೇಳದಲ್ಲಿ ಪುಂಡುವೇಷ ಮಾಡುತ್ತಾನೆ, ಮಳೆಗಾಲದಲ್ಲಿ ಮೇಳದವರ ದಗಲೆ ಚಲ್ಲಣಗಳನ್ನೇ ಹೊಲಿಯುತ್ತಾನೆ. ಅವನ ಬಭ್ರುವಾಹನನ ಮಾತನ್ನು ಕೇಳಿದವರು, ಇವನ ಮನೆಮಾತು ಮಲಯಾಳವೆಂದರೆ ನಂಬುವುದಿಲ್ಲ. ಆದರೆ ಅವನಂತೆ ಹಟ ಹಿಡಿದವರು ಅವನ ತರಗತಿಯಲ್ಲಿ ಮತ್ತೊಬ್ಬರಿರಲಿಲ್ಲ, ಅನಂತರದ ತರಗತಿಗಳಲ್ಲಿಯೂ ನಾವು ಕಂಡುದಿಲ್ಲ.

ಕಲಾವಿದನ ಈ ಲೆಕ್ಕ ಎಷ್ಟು ತೆಳುವಾದುದೆಂಬುದು 2020ರಲ್ಲಿ ಕಂಡುಬಂದಿತು. ಆ ವರುಷದ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ಕಾರಣ ತಿರುಗಾಟಗಳು ನಡುವಿನಲ್ಲಿಯೇ ನಿಂತವು. ಪತ್ತನಾಜೆಗೆ ಇನ್ನೂ ಎರಡು ತಿಂಗಳಿತ್ತು, ಆಟಗಳು ಹೆಚ್ಚಾಗಿರುವ ಎಪ್ರಿಲ್ ತಿಂಗಳೇ ಬರಿದಾಯಿತು. ತಲಪಾಡಿಯಲ್ಲಿ ಹೆದ್ದಾರಿ ಮುಚ್ಚಿತು, ಒಳದಾರಿಗಳಿಗೆ ಮಣ್ಣಿನ ರಾಶಿ ಸುರಿದರು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ನಮ್ಮ ರೋಗಿಗಳು ಪಟ್ಟ ಬವಣೆ ದೇಶಕ್ಕೆಲ್ಲ ತಿಳಿಯಿತು. ಆ ಮಣ್ಣಿನ ರಾಶಿಯ ಆಚೆಗೆ ತಮ್ಮ ಸಂಬಳವನ್ನೂ ಪೆಟ್ಟಿಗೆಯನ್ನೂ ಬಿಟ್ಟು ಬಂದ ವೇಷಧಾರಿಗಳ ಸುದ್ದಿ ಅಷ್ಟಾಗಿ ಯಾರಿಗೂ ತಿಳಿಯಲಿಲ್ಲ. ಕೆಲವು ಮನೆಗಳಿಗೆ ಊರಿನವರು ಅಕ್ಕಿ ತಲುಪಿಸಿದರು. ತಲುಪಿಸಿದವರಲ್ಲಿ ಆಟ ನೋಡುವ ಅಭ್ಯಾಸವಿಲ್ಲದವರೂ ಇದ್ದರೆಂಬುದನ್ನು ಹೇಳಲೇಬೇಕು.

ಕಾಲ ಬದಲಾಗಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಧ್ವನಿವರ್ಧಕವನ್ನು ತಡೆಯುವ 2000ದ ನಿಯಮಗಳೂ, ರಾತ್ರಿಯಿಡೀ ಎಚ್ಚರವಿರಲಾರದ ಪ್ರೇಕ್ಷಕರೂ ಸೇರಿ, ಬೆಳಗಿನ ತನಕ ನಡೆಯುತ್ತಿದ್ದ ಆಟವನ್ನು ಅನೇಕ ಕಡೆಗಳಲ್ಲಿ ಐದಾರು ಗಂಟೆಗಳ ಕಾಲಮಿತಿಗೆ ಇಳಿಸಿದ್ದಾರೆ. ಇದನ್ನು ಕೇಳಿ ಹಿರಿಯರು ನೊಂದುಕೊಳ್ಳುತ್ತಾರೆ. ನಮ್ಮ ಅಭಿಪ್ರಾಯ ಸ್ವಲ್ಪ ಬೇರೆ. ಕಲಾವಿದನಿಗೆ ನಡುರಾತ್ರಿ ಮನೆ ಸೇರಿ ಹೆಂಡತಿ ಮಕ್ಕಳೊಡನೆ ಬೆಳಗಿನ ತಿಂಡಿ ತಿನ್ನುವ ಭಾಗ್ಯ ಒದಗಿದರೆ ಅದನ್ನು ಹಳಿಯಲು ನಾವು ಯಾರು? ನಷ್ಟವಾದುದು ಬೇರೊಂದು. ಕಾಲದ ಮಿತಿ ಬಂದಾಗ ಮೊದಲು ಕತ್ತರಿ ಬಿದ್ದುದು ಪೂರ್ವರಂಗಕ್ಕೆ, ಅನಂತರ ಮಾತಿಗೆ. ಪೂರ್ವರಂಗವೇ ಹೊಸಬರ ಪಾಠಶಾಲೆಯಾಗಿತ್ತು. ಬಾಲಗೋಪಾಲರಿಲ್ಲದ ಮೇಳದಲ್ಲಿ ಹುಡುಗನು ಎಲ್ಲಿ ಗೆಜ್ಜೆ ಕಟ್ಟಬೇಕು? ಕುಣಿತಕ್ಕೆ ಚಪ್ಪಾಳೆ ಬೀಳುತ್ತದೆ, ಚಪ್ಪಾಳೆ ಬೀಳುವುದನ್ನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಏರಿಸುತ್ತಾರೆ, ಅದನ್ನು ನೋಡಿದ ಸಂಘಟಕರು ಮುಂದಿನ ಆಟದಲ್ಲಿ ಅದನ್ನೇ ಬೇಡುತ್ತಾರೆ. ಇದರಿಂದ ಸಂವಾದ ಸೊರಗುತ್ತಿದೆ. ಏರಿಸಿದ ಚಿತ್ರದಿಂದ ಬಂದ ಹಣದಲ್ಲಿ ಕುಣಿದವನಿಗೆ ಪಾಲು ಸಂದುದನ್ನು ನಾವಂತೂ ಕೇಳಿಲ್ಲ.

ಈಗ ಸಂಘದ ಮುಂದೆ ಒಂದೆರಡು ಕೋರಿಕೆಗಳನ್ನಿಟ್ಟು ಕುಳಿತುಕೊಳ್ಳುತ್ತೇವೆ. ನಾವು ಕಲಾವಿದರಿಗೆ ಶಾಲು ಹೊದೆಸುತ್ತೇವೆ, ಹಾರ ಹಾಕುತ್ತೇವೆ, ಹಣ್ಣಿನ ತಟ್ಟೆ ಕೊಡುತ್ತೇವೆ. ಹಿರಿಯ ವೇಷಧಾರಿಗಳೊಬ್ಬರ ಮನೆಯಲ್ಲಿ ಕಪಾಟು ತೆರೆದು ಅವರು ಶಾಲುಗಳನ್ನು ತೋರಿಸಿದರು. ನಮ್ಮೂರಿನ ಸೆಕೆಗೆ ಅವನ್ನು ಹೊದೆಯುವ ದಿನ ಒಂದೂ ಬಂದಿಲ್ಲವೆಂದು ನಕ್ಕರು, ಅಕ್ಕಿಯಂಗಡಿಯವನೂ ಅವನ್ನು ತೆಗೆದುಕೊಳ್ಳಲಿಲ್ಲವಂತೆ. ಸನ್ಮಾನ ಬೇಡವೆಂದು ನಾವು ಹೇಳುತ್ತಿಲ್ಲ. ಶಾಲು ಹಾರಗಳ ವೆಚ್ಚವನ್ನು ಒಂದೆಡೆ ಕೂಡಿಟ್ಟು, ಆಟಿ ಸೋಣ ತಿಂಗಳುಗಳಲ್ಲಿ ವಾರಕ್ಕೊಂದು ತಾಳಮದ್ದಳೆಯನ್ನು ಸದಸ್ಯರ ಮನೆಗಳಲ್ಲಿ ಸರದಿಯಂತೆ ನಡೆಸಬೇಕೆಂಬುದು ನಮ್ಮ ಬೇಡಿಕೆ. ತಾಳಮದ್ದಳೆಗೆ ವೇಷ ಬೇಡ, ರಂಗ ಬೇಡ, ಧ್ವನಿವರ್ಧಕವೂ ಬೇಡ. ಭಾಗವತರೊಬ್ಬರು, ಚೆಂಡೆ ಮದ್ದಳೆ, ಎದುರುಬದುರು ಕುಳಿತ ನಾಲ್ವರು ಅರ್ಥಧಾರಿಗಳು, ಒಂದು ಚಾವಡಿ, ಕೇಳುವ ಇಪ್ಪತ್ತು ಜನ ಇಷ್ಟು ಸಾಕು. ನಾಲ್ವರಲ್ಲಿ ಇಬ್ಬರಾದರೂ ವೃತ್ತಿಕಲಾವಿದರಿರಲಿ, ಒಬ್ಬನು ಎಳೆಯನಿರಲಿ. ಸಂಭಾವನೆಯನ್ನು ಅಂದಿನ ರಾತ್ರಿ ಕೈಮುಚ್ಚಿ ಕೊಡುವುದಲ್ಲ, ಪತ್ತನಾಜೆಯಂದೇ ಇಡೀ ಮಳೆಗಾಲದ್ದನ್ನು ನಿಗದಿಮಾಡಿ ಅರ್ಧವನ್ನು ಮುಂಗಡವಾಗಿ ಕೊಡತಕ್ಕದ್ದು. ಹಾಗೆ ಮಾಡಿದರೆ ಜೂನ್ ತಿಂಗಳ ಅಕ್ಕಿಯ ಪ್ರಶ್ನೆಗೆ ಎರಡು ಮೂರು ಮನೆಗಳ ಮಟ್ಟಿಗಾದರೂ ಉತ್ತರ ದೊರೆತಂತಾಯಿತು.

ಮಕ್ಕಳನ್ನು ಕುಳ್ಳಿರಿಸಿಕೊಂಡು ಕೇಳಿ. ಮೊದಲ ದಿನ ಅರ್ಧ ತಿಳಿಯದು, ತೂಕಡಿಸುವರು, ತೂಕಡಿಸಲಿ. ನಮ್ಮ ಶಾಲೆಯಿಂದ ಎಂಟು ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆತರುವ ಹೊಣೆಯನ್ನು ನಾವು ಹೊರುತ್ತೇವೆ. ಮೊದಲ ತಾಳಮದ್ದಳೆಯನ್ನು ನಮ್ಮ ಮನೆಯ ಚಾವಡಿಯಲ್ಲಿಯೇ ಇಟ್ಟುಕೊಳ್ಳಬಹುದೆಂದು ಮನೆಯವರ ಅಪ್ಪಣೆ ಪಡೆದು ಬಂದಿದ್ದೇವೆ. ಪ್ರಸಂಗ ವಾಲಿಮೋಕ್ಷ. ಭಾಗವತರನ್ನು ಗೊತ್ತುಮಾಡಿಯಾಗಿದೆ. ಮುಂದಿನ ಮನೆಗಳ ಪಟ್ಟಿಗಾಗಿ ಕಾರ್ಯದರ್ಶಿಗಳು ಬಾಗಿಲ ಬಳಿಯ ಮೇಜಿನ ಮೇಲೆ ಒಂದು ಪುಸ್ತಕವನ್ನಿಟ್ಟಿದ್ದಾರೆ. ಹೊರಡುವಾಗ ಹೆಸರು ಬರೆಯಿಸಿ ಹೋಗಬೇಕಾಗಿ ಪ್ರಾರ್ಥನೆ.